ಒಂದು ದಿನದ ಗೈರು, ಎರಡು ದಿನದ ಕೂಲಿ

ಸಂಬಳದ ಚೀಟಿಯಲ್ಲಿ ‘ಗೈರುಹಾಜರಿಗಾಗಿ ಕಡಿತ’ ಎಂಬ ಸಾಲು ಕಂಡರೆ ಯಾರಿಗೂ ಹಿತವೆನಿಸುವುದಿಲ್ಲ. ಆದರೂ ಒಂದು ದಿನ ಬಾರದವನಿಗೆ ಒಂದು ದಿನದ ಸಂಬಳ ಹೋಯಿತು, ಅದು ನ್ಯಾಯವೇ ಎಂದು ಸುಮ್ಮನಾಗುತ್ತೇವೆ. ಇಷ್ಟು ಸರಳವಾದ ಲೆಕ್ಕ ನಮ್ಮ ದೇಶದಲ್ಲಿ ಕಾನೂನಾಗಲು 1936ರವರೆಗೆ ಕಾಯಬೇಕಾಯಿತು.

ಅದಕ್ಕೆ ಮೊದಲು ಕೆಲಸ ತಪ್ಪಿಸುವುದು ಅಪರಾಧವೂ ಆಗಬಹುದಿತ್ತು. 1859ರ ಕಾಯಿದೆಯೊಂದರಂತೆ, ಮುಂಗಡ ಪಡೆದು ಕೆಲಸ ಬಿಟ್ಟವನಿಗೆ ಹಣ ಹಿಂದಿರುಗಿಸಲು ಇಲ್ಲವೇ ಕೆಲಸಕ್ಕೆ ಮರಳಲು ಮ್ಯಾಜಿಸ್ಟ್ರೇಟರು ಆಜ್ಞಾಪಿಸುತ್ತಿದ್ದರು. ಮೀರಿದರೆ ಮೂರು ತಿಂಗಳವರೆಗೆ ಸೆರೆವಾಸ. ಈ ಕಾಯಿದೆ ತೆರೆಮರೆಗೆ ಸರಿದದ್ದು 1926ರಲ್ಲಿ.

ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ಬೇರೊಂದು ಅಸ್ತ್ರವಿತ್ತು. ಅದೇ ‘ಡಬಲ್ ಖಾಡಾ’. ಮರಾಠಿಯಲ್ಲಿ ಖಾಡಾ ಎಂದರೆ ಗೈರುಹಾಜರಿ. ಅನುಮತಿಯಿಲ್ಲದೆ ಒಂದು ದಿನ ತಪ್ಪಿಸಿದರೆ ಎರಡು ದಿನದ ಕೂಲಿ ಮುರಿಯುತ್ತಿದ್ದರು. 26 ದಿನಕ್ಕೆ 26 ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡು ದಿನ ಬಾರದವನ ಕೈಗೆ ಸಿಗುತ್ತಿದ್ದುದು 24 ಅಲ್ಲ, 22. ಒಂದು ತಿಂಗಳ ಕೂಲಿಯನ್ನು ಮರು ತಿಂಗಳು ಕೆಲವು ದಿನ ಕಳೆದ ಮೇಲೆ ಕೊಡುತ್ತಿದ್ದುದರಿಂದ ದುಡಿದ ಹಣ ಮಾಲೀಕರ ಬಳಿಯೇ ಇರುತ್ತಿತ್ತು. ಮುರಿದುಕೊಳ್ಳುವುದು ಸುಲಭ, ಮರಳಿ ಪಡೆಯುವುದು ಕಷ್ಟ.

1929ರಲ್ಲಿ ನೇಮಕವಾದ ವಿಟ್ಲೆ ಆಯೋಗ 1931ರ ವರದಿಯಲ್ಲಿ ಇಂಥ ಕಡಿತಗಳಿಗೆ ಕಡಿವಾಣ ಬೇಕೆಂದಿತು. ಅದರ ಫಲವೇ 1936ರ ವೇತನ ಪಾವತಿ ಕಾಯಿದೆ. ದಂಡ ರೂಪಾಯಿಗೆ ಅರ್ಧ ಆಣೆ ಮೀರಬಾರದು. ಗೈರುಹಾಜರಿಯ ಕಡಿತ ಗೈರಾದ ಅವಧಿಯ ಪ್ರಮಾಣವನ್ನು ಮೀರಬಾರದು. ಹೀಗೆ ಡಬಲ್ ಖಾಡಾ ಕಾನೂನುಬಾಹಿರವಾಯಿತು.

ಆದರೆ ಅದೇ ಕಲಮಿನಲ್ಲಿ ಒಂದು ಅಪವಾದವನ್ನೂ ಸೇರಿಸಿದರು. ಹತ್ತು ಅಥವಾ ಹೆಚ್ಚು ಮಂದಿ ಒಟ್ಟುಗೂಡಿ, ಕರಾರಿನಂತೆ ನೋಟಿಸು ಕೊಡದೆ, ಸಕಾರಣವಿಲ್ಲದೆ ಗೈರಾದರೆ ನೋಟಿಸಿಗೆ ಬದಲಾಗಿ ಎಂಟು ದಿನದವರೆಗಿನ ಕೂಲಿಯನ್ನೂ ಮುರಿಯಬಹುದು. ಒಬ್ಬ ಬಾರದಿದ್ದರೆ ಅದು ಗೈರು. ಹತ್ತು ಮಂದಿ ಬಾರದಿದ್ದರೆ ಅದು ಮುಷ್ಕರ! 1937ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಕಾರ್ಖಾನೆಯೊಳಗೇ ಕುಳಿತು ಕೆಲಸ ನಿಲ್ಲಿಸಿದವನೂ ಗೈರುಹಾಜರೇ.

ಈ ಜಗಳ ಬ್ಯಾಂಕಿನ ನೌಕರರವರೆಗೂ ಬಂತು. 1977ರ ಡಿಸೆಂಬರ್ 29ರಂದು ಬ್ಯಾಂಕ್ ಆಫ್ ಇಂಡಿಯಾ ನೌಕರರು ನಾಲ್ಕು ಗಂಟೆ ಮುಷ್ಕರ ಹೂಡಿದರು. ಬ್ಯಾಂಕು ಇಡೀ ದಿನದ ಸಂಬಳ ಮುರಿಯಿತು. ಬೊಂಬಾಯಿ ಹೈಕೋರ್ಟಿನಲ್ಲಿ ನೌಕರರು ಗೆದ್ದರು. 1990ರಲ್ಲಿ ಸುಪ್ರೀಂ ಕೋರ್ಟು ಬ್ಯಾಂಕಿನ ಪರ ನಿಂತಿತು: ಕಡಿತ ಗಂಟೆಯ ಲೆಕ್ಕದ್ದೋ ದಿನದ ಲೆಕ್ಕದ್ದೋ ಎಂಬುದು ಆಯಾ ಸಂದರ್ಭಕ್ಕೆ ಬಿಟ್ಟದ್ದು.

1936ರ ಕಾಯಿದೆಯ ಜಾಗದಲ್ಲಿ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಗೈರಿನಷ್ಟೇ ಕಡಿತ ಎಂಬ ರಕ್ಷಣೆ ಅದರಲ್ಲಿಯೂ ಇದೆ, ಹತ್ತು ಮಂದಿಯ ಅಪವಾದವೂ ಇದೆ. ಸಂಬಳದ ಚೀಟಿಯ ಆ ಒಂದು ಸಾಲನ್ನು ಇನ್ನು ಮುಂದೆ ನೋಡಿದಾಗ, ಎರಡು ದಿನದ ಕೂಲಿ ಕಳೆದುಕೊಂಡ ಗಿರಣಿ ಕೆಲಸಗಾರನೂ ನೆನಪಿಗೆ ಬಂದರೆ ತಪ್ಪಿಲ್ಲ.