ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೆಟ್ಲಿ

ಮುಂಬೈಗೆ ಬಂದು ನೆಲೆನಿಂತ ಹಳಬರಿಗೆ ಈ ತಲೆಬರಹದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲಿಗೆ ತಂತಿ ಬಂದರೆ ಸಾಕು, ಘಾಟ್ಕೋಪರಿನ ನಮ್ಮ ಚಾಳಿನಲ್ಲಿ ಓದುವ ಮೊದಲೇ ಅಳು ಶುರುವಾಗುತ್ತಿತ್ತು. ನಾಲ್ಕೇ ನಾಲ್ಕು ಪದ. ತಾಯಿಗೆ ಏನಾಗಿದೆ, ಮನೆಯಲ್ಲಿದ್ದಾರೋ ಆಸ್ಪತ್ರೆಯಲ್ಲೋ, ಊರಿಗೆ ಈಗ ಬೇಕಾಗಿರುವುದು ಮಗನೋ ಮಗನ ದುಡ್ಡೋ... ಒಂದೂ ತಿಳಿಯುತ್ತಿರಲಿಲ್ಲ. ತಾಯಿ ಬದುಕಿದ್ದಾರೋ ಇಲ್ಲವೋ ಅನ್ನುವುದೂ!

1850ರಲ್ಲಿ ಕಲ್ಕತ್ತದಿಂದ ಡೈಮಂಡ್ ಹಾರ್ಬರಿಗೆ ಪ್ರಯೋಗಕ್ಕೆಂದು ಎಳೆದ ತಂತಿ 1855ರಲ್ಲಿ ಸಾರ್ವಜನಿಕರ ಬಳಕೆಗೆ ಸಿಕ್ಕಿತು. 2013ರ ಜುಲೈಯಲ್ಲಿ ಸೇವೆಯೇ ನಿಂತಿತು. ಹಬ್ಬ, ಮದುವೆಗಳ ಶುಭಾಶಯಕ್ಕೆ ಇಲಾಖೆಯವರೇ ಸಿದ್ಧ ವಾಕ್ಯಗಳನ್ನು ಮಾಡಿಟ್ಟಿದ್ದರು. ಇಲ್ಲಿ ನಂಬರ್ ಹೇಳಿದರೆ ಅಲ್ಲಿ ಪೂರ್ತಿ ವಾಕ್ಯ ಮುಟ್ಟುತ್ತಿತ್ತು. ಕಷ್ಟದ ಕರೆಗೆ ನಮ್ಮ ಜನ ತಾವೇ ಒಂದು ಸಿದ್ಧ ವಾಕ್ಯ ಮಾಡಿಕೊಂಡರು. ಅದೇ ಇದು.

ಪದಕ್ಕಿಷ್ಟು ಅಂತ ದುಡ್ಡು ಕೊಡಬೇಕಿತ್ತಲ್ಲ, ಅದಕ್ಕೇ ಹೀಗೆ ಅನ್ನುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ‘ಮದರ್ ಫ್ರಾಕ್ಚರ್ಡ್ ಲೆಗ್ ಸೆಂಡ್ ಥೌಸಂಡ್’ ಅಂದರೂ ಐದೇ ಪದ. ಅಸಲು ಕಾರಣ ಕರುಣೆ. ಕೊಂಕಣ ರೈಲು ಪೂರ್ತಿ ತೆರೆದದ್ದು 1998ರ ಜನವರಿ 26ರಂದು. ಅದಕ್ಕೂ ಮೊದಲು ದಕ್ಷಿಣ ಕನ್ನಡದವರಿಗೆ ಊರೆಂದರೆ ಬಸ್ಸಿನಲ್ಲಿ ಒಂದು ರಾತ್ರಿ, ಒಂದು ಹಗಲು. ಅಷ್ಟು ದೂರ ಒಬ್ಬನೇ ಬರುವ ಹುಡುಗ ದಾರಿಯಲ್ಲಿ ಕುಸಿಯದಿರಲಿ ಎಂದು ಸತ್ತವರನ್ನೂ ‘ಸೀರಿಯಸ್’ ಅಂತಲೇ ಬರೆಸುತ್ತಿದ್ದರು. ಆದರೆ ಆ ಕರುಣೆಯಿಂದ ಆದದ್ದೇನು? ನಿಜವಾಗಿ ಸೀರಿಯಸ್ ಆದವರ ತಂತಿಗೆ ಬೆಲೆಯೇ ಹೋಯಿತು. ಬದುಕಿರುವ ತಾಯಿಗಾಗಿ ಮಗ ಬಸ್ಸಿನುದ್ದಕ್ಕೂ ಅತ್ತ. ಆಸ್ಪತ್ರೆಗೆ ಕಟ್ಟಬೇಕಾದ ದುಡ್ಡು ಜೊತೆಗೆ ತರಲಿಲ್ಲ.

ನಮ್ಮ ಚಾಳಿನಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಹಿರಿಯರೊಬ್ಬರಿದ್ದರು. ಎಲ್ಲರೂ ಅಣ್ಣಯ್ಯ ಅನ್ನುತ್ತಿದ್ದೆವು. ರಾತ್ರಿ ಶಾಲೆಯಲ್ಲಿ ಕಲಿತವರು. ಹೊಸ ಹುಡುಗ ಖೋಲಿಗೆ ಬಂದು ಸೇರಿದ ವಾರದಲ್ಲೇ ಅವನಿಂದ ಊರಿಗೊಂದು ಕಾರ್ಡು ಬರೆಸುತ್ತಿದ್ದರು. ಏನಾದರೂ ಆದರೆ ತಂತಿಯಲ್ಲಿ ಯಾರಿಗೆ, ಏನಾಗಿದೆ, ಎಲ್ಲಿದ್ದಾರೆ, ನನ್ನಿಂದ ಏನು ಬೇಕು ಎಂಬ ನಾಲ್ಕು ಮಾತು ಇರಲಿ, ಸತ್ತಿದ್ದರೆ ಸತ್ತರೆಂದೇ ಬರೆಸಿ ಅಂತ. ಎಷ್ಟೋ ಮನೆಯವರಿಗೆ ಇದು ಅಪಶಕುನ ಅನ್ನಿಸಿತ್ತು. ಒಬ್ಬ ತಾಯಿಯಂತೂ ಆ ಕಾರ್ಡನ್ನು ಒಲೆಗೆ ಹಾಕಿದರಂತೆ!

ಅಷ್ಟಾದರೂ ಸೀರಿಯಸ್ ತಂತಿ ಬಂದರೆ ಅಣ್ಣಯ್ಯ ಮೊದಲು ತಾರು ಆಫೀಸಿಗೆ ಓಡುತ್ತಿದ್ದರು. ಉತ್ತರದ ಖರ್ಚನ್ನು ನಾವೇ ಮೊದಲು ಕಟ್ಟುವ ರಿಪ್ಲೈ-ಪೇಯ್ಡ್ ತಂತಿ ಅಂತೊಂದಿತ್ತು. ಅದರಲ್ಲಿ ಕೇಳಿ, ಉತ್ತರ ಬರುವಷ್ಟರಲ್ಲಿ ಬಸ್ಸಿನ ಟಿಕೆಟಿಗೂ ಸಾಲಕ್ಕೂ ಓಡಾಡುವುದು. ಒಮ್ಮೆ ‘ಫಾದರ್ ಸೀರಿಯಸ್’ ಎಂದು ಬಂದದ್ದಕ್ಕೆ ಹೀಗೆ ಕೇಳಿದಾಗ, ಹರ್ನಿಯಾ, ಆಪರೇಷನ್ ಗುರುವಾರ, ಎರಡು ಸಾವಿರ ಬೇಕು ಎಂಬ ಉತ್ತರ ಬಂತು. ಹುಡುಗ ಹೋಗಲಿಲ್ಲ. ಟೆಲಿಗ್ರಾಫಿಕ್ ಮನಿ ಆರ್ಡರ್ ಹೋಯಿತು. ಅವನೇ ಹೋಗಿದ್ದರೆ ಟಿಕೆಟ್ಟು ಹೋಗಿ ಉಳಿಯುತ್ತಿದ್ದದ್ದು ಆ ದುಡ್ಡಿನ ಅರ್ಧ.

ಇತ್ತ ವಿಳಾಸದ್ದೂ ಇದೇ ಕಥೆ. ‘ಘಾಟ್ಕೋಪರ್, ಮುಂಬೈ’ ಎಂದು ಬರೆದರೆ ಯಾವ ಘಾಟ್ಕೋಪರ್? ರೈಲು ಹಳಿ ಊರನ್ನು ಎರಡು ಮಾಡಿದೆ. ರಾಜಾವಾಡಿ, ಪಂತ್ ನಗರ ಪೂರ್ವಕ್ಕೆ, ಅಸಲ್ಫಾ ಪಶ್ಚಿಮಕ್ಕೆ. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂದದ್ದೇ ಇಂಥ ಗೊಂದಲಕ್ಕಾಗಿ. ಸಂಸ್ಕೃತ ಕವಿಯೂ ಆಗಿದ್ದ ಅಂಚೆ ಇಲಾಖೆಯ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್ ಅದನ್ನು ರೂಪಿಸಿದರು. ರಾಜಾವಾಡಿಗೆ 400077, ಪಶ್ಚಿಮಕ್ಕೆ 400086. ಮೊದಲ ಅಂಕಿಯೇ ಎಷ್ಟೋ ಹೇಳುತ್ತದೆ: ನಮ್ಮದು 4, ಉಡುಪಿಗೆ 5, ಕಾಸರಗೋಡಿಗೆ 6. ಮೂರೂ ಕಡೆ ಮನೆಮಾತು ಒಂದೇ ಇದ್ದರೂ!

ಫೋನು ಬಂದ ಮೇಲೆ ಸರಿಹೋಯಿತೇ? 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ 73. ಊರಿನವರಿಗೆ ಎರಡೂ ಮುಂಬೈಯೇ. ಅಪ್ಪಿತಪ್ಪಿ ಲೈನ್ ಸಿಕ್ಕವರೂ “ನೀರು ಬಂದಿದೆ, ಸಿಕ್ಕಿಬಿದ್ದಿದ್ದೇವೆ” ಅಂದರು, ಕಾಲ್ ಕಟ್ಟಾಯಿತು. ಯಾವ ರಸ್ತೆ, ಎಷ್ಟನೇ ಮಹಡಿ? ಆ ಕಡೆ ಇದ್ದವರು ಬೆಳಗಿನವರೆಗೆ ಕೂತರು, ಅಷ್ಟೆ.

ಅಣ್ಣಯ್ಯ ಅದನ್ನು ನೋಡಲಿಲ್ಲ. ವಯಸ್ಸಾಗಿ ಊರಿಗೆ ಮರಳಿದವರು 1994ರಲ್ಲಿ ಹೋಗಿಬಿಟ್ಟರು. ಅವರ ಮಗ ಚಾಳಿನ ವಿಳಾಸಕ್ಕೆ ತಂತಿ ಕೊಟ್ಟಿದ್ದ. ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಅಪ್ಪ ಮಂಗಳವಾರ ರಾತ್ರಿ ನಿದ್ದೆಯಲ್ಲಿ ತೀರಿಕೊಂಡರು, ನೋವಿರಲಿಲ್ಲ, ದಹನ ಆಯಿತು, ಯಾರೂ ಬರಬೇಕಾಗಿಲ್ಲ, ಹೋಟೆಲಿಗೆ ತಿಳಿಸಿ, ಖೋಲಿಯಲ್ಲಿರುವ ಪೆಟ್ಟಿಗೆ ಕಾದಿಡಿ.