ಕಿರಿಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಪಾಚಿಭಕ್ಷಕಗಳ ಆಯ್ಕೆ: ಬಾಯಿಯ ರಚನೆಯೇ ಮಾನದಂಡ

ನೂರು ಲೀಟರಿಗೂ ಕಡಿಮೆ ನೀರು ಹಿಡಿಯುವ ಉಪ್ಪುನೀರಿನ ತೊಟ್ಟಿಗೆ ಪಾಚಿ ತಿನ್ನುವ ಜೀವಿಯನ್ನು ತರುವಾಗ ಅದರ ಅಂದ, ಬೆಲೆ, ಗಾತ್ರಗಳನ್ನು ನೋಡುವುದೇ ರೂಢಿ. ಮೊದಲು ನೋಡಬೇಕಾದದ್ದು ಅದರ ಬಾಯಿಯನ್ನು ಎಂಬುದು ಈ ಲೇಖನದ ವಾದ.

ಗಾಜಿನ ಮೇಲೆ ತೆವಳುವ ಟ್ರೋಕಸ್ ಬಸವನಹುಳುವನ್ನು ಹೊರಗಿನಿಂದ ಗಮನಿಸಿ. ಬಾಯಿ ತೆರೆಯುತ್ತದೆ, ಹಲ್ಲಿನ ಪಟ್ಟಿಯೊಂದು ಹೊರಚಾಚಿ ಗಾಜನ್ನು ಸವರಿ ಒಳಸರಿಯುತ್ತದೆ. ಹುಳು ಸಾಗಿದ ಹಾದಿಯಲ್ಲಿ ಅಂಕುಡೊಂಕಾದ ತಿಳಿ ಗೆರೆ ಉಳಿಯುತ್ತದೆ. ರ‍್ಯಾಡ್ಯುಲಾ ಎಂಬ ಈ ಪಟ್ಟಿಯ ಅಂಚಿನ ಹಲ್ಲುಗಳು ನವಿರು, ಲೆಕ್ಕಕ್ಕೆ ಸಿಗದಷ್ಟು. ಪೊರಕೆಯ ಕಡ್ಡಿಗಳಂತೆ ಅವು ಗುಡಿಸುತ್ತವೆ. ಹೊಸ ತೊಟ್ಟಿಯ ಕಂದು ಡಯಾಟಮ್ ಪದರಕ್ಕೂ ಹಸಿರು ತೆಳುಪೊರೆಗೂ ಇದು ಹೇಳಿ ಮಾಡಿಸಿದ ಬಾಯಿ. ಉದ್ದ ಬೆಳೆದ ಕೂದಲುಪಾಚಿಯ ಮುಂದೆ ಮಾತ್ರ ಇದರ ಆಟ ನಡೆಯದು. ಅದನ್ನು ಮೊದಲು ಕೈಯಿಂದಲೇ ಕಿತ್ತು ತೆಗೆಯಬೇಕು. ದೊಡ್ಡ ಟರ್ಬೊ ಬಸವನಹುಳು ಅದನ್ನೂ ಮೇಯುತ್ತದೆ, ಆದರೆ ಇಕ್ಕಟ್ಟಿನ ಜಾಗದಲ್ಲಿ ಸಡಿಲ ಕಲ್ಲುಗಳನ್ನೆಲ್ಲ ಉರುಳಿಸುತ್ತದೆ. ಬಸವನಹುಳುವಿನಂತೆಯೇ ಮೃದ್ವಂಗಿಗಳಾದ ಕೈಟನ್‌ಗಳ ಹಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಇರುವುದನ್ನು ಹೈನ್ಜ್ ಲೊವೆನ್‌ಸ್ಟಾಮ್ 1962ರಲ್ಲಿ ತೋರಿಸಿಕೊಟ್ಟರು. ಅದು ಬಂಡೆಯನ್ನೇ ಕೆರೆಯುವ ಬಾಯಿ.

ಗುಳ್ಳೆಪಾಚಿಗೆ ಬೇಕಾದದ್ದು ಹಲ್ಲಲ್ಲ, ಚಿಮಟ. ಚಮಚದಂಥ ತುದಿಯ ಕೊಂಡಿಯಿರುವ ಎಮರಾಲ್ಡ್ ಏಡಿ ಆ ಕೆಲಸ ಮಾಡೀತು. ನಸ್ಸೇರಿಯಸ್ ಹುಳು ಪಾಚಿ ಮುಟ್ಟುವುದೇ ಇಲ್ಲ, ಅದರ ಆಹಾರ ಸತ್ತ ಮಾಂಸ. ಕೆನ್ನೇರಳೆ ಲೋಳೆಯಾಗಿ ಹರಡುವ ಸಯನೋಬ್ಯಾಕ್ಟೀರಿಯಾ ನಿಜವಾದ ಪಾಚಿಯಲ್ಲ; ಅದಕ್ಕಾಗಿ ಜೀವಿಗಳನ್ನು ಕೊಳ್ಳುವುದು ವ್ಯರ್ಥ.

ಬಾಯಿಯಷ್ಟೇ ಮುಖ್ಯವಾದವು ಇನ್ನೆರಡು: ಮಗುಚಿ ಬಿದ್ದರೆ ಏಳುವ ಶಕ್ತಿ, ಒಗ್ಗುವ ನೀರಿನ ಉಷ್ಣತೆ. ಟ್ರೋಕಸ್ ಮಗುಚಿ ಬಿದ್ದರೆ ತಾನೇ ಹೊರಳಿ ಏಳುತ್ತದೆ. ಮರಳಿನ ಮೇಲೆ ಅಂಗಾತ ಬಿದ್ದ ಅಸ್ಟ್ರಿಯಾ ಹುಳು ಹಲವು ಬಾರಿ ಏಳಲಾಗದೆ ಸಾಯುತ್ತದೆ. ತಣ್ಣೀರಿನ ಕಡಲಿನ ಮಾರ್ಗರಿಟಾ ಹುಳು 26 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹೆಚ್ಚು ದಿನ ಬಾಳದು. ಅದನ್ನು ಉಷ್ಣವಲಯದ ತೊಟ್ಟಿಗೆಂದು ಮಾರುವುದು ತಪ್ಪು.

ಸಂಖ್ಯೆಯ ವಿಷಯದಲ್ಲಿ ಕೈ ಬಿಗಿಹಿಡಿಯಬೇಕು. ಪಾಚಿ ಮುಗಿದ ಸಣ್ಣ ತೊಟ್ಟಿಯಲ್ಲಿ ಲಾನ್‌ಮೋವರ್ ಬ್ಲೆನಿ ಮೀನಿನ ಹೊಟ್ಟೆ ಒಳಸೇರುತ್ತ ಹೋಗುತ್ತದೆ. ಎರಡು ಮೂರು ಹುಳುಗಳಿಂದ ಆರಂಭಿಸಿ, ಗಾಜಿನ ಮೇಲೆ ಪಾಚಿ ಉಳಿದರಷ್ಟೇ ಇನ್ನೊಂದನ್ನು ತರುವುದು ನ್ಯಾಯ. ಕೊಳ್ಳುವಾಗ ಕಾನೂನನ್ನೂ ನೋಡಬೇಕು: ಟ್ರೋಕಸ್ ನಿಲೋಟಿಕಸ್, ಟರ್ಬೊ ಮಾರ್ಮೊರೇಟಸ್ ಪ್ರಭೇದಗಳಿಗೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಆದ್ದರಿಂದ ಅಂಗಡಿಯಲ್ಲಿ ‘ಟ್ರೋಕಸ್’ ಎಂದಷ್ಟೇ ಕೇಳಿ ಸುಮ್ಮನಾಗದೆ, ಪ್ರಭೇದದ ಪೂರ್ಣ ಹೆಸರನ್ನೂ ಅದು ಬಂದ ಮೂಲವನ್ನೂ ಕೇಳಿಯೇ ಕೊಳ್ಳಬೇಕೆಂದು ಓದುಗರಲ್ಲಿ ಕೋರುತ್ತೇನೆ.