ಪಟ್ಟಿಯಲ್ಲಿ ಹೆಸರು

ಧಾರವಾಡ ಜಿಲ್ಲೆಯ ಹಳ್ಳಿಮಾತಿನಲ್ಲಿ ‘ಪಟ್ಟಿ’ಯಷ್ಟು ದುಡಿಯುವ ಶಬ್ದ ಇನ್ನೊಂದಿರಲಾರದು. ಗಾಯಕ್ಕೆ ಕಟ್ಟುವುದು ಪಟ್ಟಿ. ಶಾಲೆಯಲ್ಲಿ ಗೆರೆ ಎಳೆಯುವುದು ಫೂಟ್‌ಪಟ್ಟಿ. ಪಂಚಾಯ್ತಿಗೆ ವರ್ಷಾ ತುಂಬುವುದು ಮನಿಪಟ್ಟಿ, ನೀರಪಟ್ಟಿ. ಆದರೆ ಕುಂದಗೋಳ ತಾಲ್ಲೂಕಿನ ಕುಬಿಹಾಳದಂಥ ಊರಿನ ಕಟ್ಟೆಯ ಮೇಲೆ ಕೂತು ‘ಈ ಸಲ ಪಟ್ಟಿ ಎಷ್ಟ ಹಾಕ್ಯಾರ?’ ಎಂದು ಯಾರಾದರೂ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಊರ ಕೆಲಸಕ್ಕೆ ಮನೆಮನೆಯಿಂದ ಕೂಡಿಸುವ ಹಣ ಅದು. ಗುಡಿಯ ಕಳಸ, ಜಾತ್ರೆಯ ಊಟ, ಶ್ರಾವಣದ ಪುರಾಣ, ಮೊಹರಂ ಪಂಜಾ, ಹೋಳಿಯ ಕಾಮಣ್ಣ, ಶಾಲೆಯ ಕಂಪೌಂಡು, ಎಲ್ಲಕ್ಕೂ ಪಟ್ಟಿ.

ಕೊಡುವುದಕ್ಕೆ ಕನ್ನಡದಲ್ಲಿ ಶಬ್ದಗಳ ಬರವಿಲ್ಲ. ದಾನ ಇದೆ, ದತ್ತಿ ಇದೆ, ದೇಣಿಗೆ ಇದೆ, ದಾಸೋಹ ಇದೆ. ದಾನದಲ್ಲಿ ಕೊಡುವವನ ಕೈ ಮೇಲೆ. ದತ್ತಿಗೆ ಆಸ್ತಿ ಬೇಕು, ಪತ್ರ ಬೇಕು. ಪಟ್ಟಿಗೆ ಇವೇನೂ ಬೇಡ, ಊರಲ್ಲೊಂದು ಮನೆ ಇದ್ದರೆ ಸಾಕು. ಸರಕಾರಕ್ಕೆ ಕಟ್ಟುವ ಕರಕ್ಕೂ ಅದೇ ಹೆಸರು, ಮನಸ್ಸಿನಿಂದ ಕೊಡುವುದಕ್ಕೂ ಅದೇ ಹೆಸರು. ಅರ್ಧ ಕಡ್ಡಾಯ, ಅರ್ಧ ಪ್ರೀತಿ. ಹಳ್ಳಿಯನ್ನು ಗಟ್ಟಿಯಾಗಿ ಹಿಡಿದಿರುವುದು ಈ ಅರ್ಧಂಬರ್ಧವೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಅದು ನಡೆಯುವ ಬಗೆ ನೋಡಿ. ಹಿರಿಯರು ಕೂಡಿ ಖರ್ಚಿನ ಅಂದಾಜು ಹಾಕುತ್ತಾರೆ. ಹೊಲ ಇದ್ದವರಿಗೆ ಕೂರಿಗೆಗೆ ಇಷ್ಟು, ಇಲ್ಲದವರಿಗೆ ಮನೆಗೆ ಇಷ್ಟು ಎಂದು ಗೊತ್ತುಮಾಡುತ್ತಾರೆ. ನಾಲ್ಕು ಎಕರೆಗೆ ಒಂದು ಕೂರಿಗೆ. ಬಿತ್ತುವ ಸಾಧನವೇ ಇಲ್ಲಿ ಹೊಲದ ಅಳತೆ, ಪಟ್ಟಿಗೂ ಅದೇ ಅಳತೆ. ಉದ್ದನೆಯ ವಹಿಯ ಮೊದಲ ಪುಟದ ನೆತ್ತಿಗೆ ‘ಶ್ರೀ’, ಕೆಳಗೆ ಹೆಸರು, ಹೆಸರಿನ ಮುಂದೆ ಹಾಕಿದ ಮೊತ್ತ, ಅದರ ಮುಂದೆ ಜಮಾ. ಎರೆಭೂಮಿಯ ರೈತನ ಕೈಯಲ್ಲಿ ಹನ್ನೆರಡು ತಿಂಗಳೂ ದುಡ್ಡು ಆಡುವುದಿಲ್ಲ. ಹತ್ತಿ, ಮೆಣಸಿನಕಾಯಿ, ಕಡಲೆ ಮಾರಿದ ಮೇಲೆಯೇ ಕಿಸೆ ತುಂಬುವುದು. ‘ಬರಕೋ ಕಾಕಾ, ಹತ್ತಿ ಮಾರಿದ ಮ್ಯಾಲೆ ಕೊಡ್ತೀನಿ’ ಎಂದರೆ ಕಾಕಾ ಬರೆದುಕೊಳ್ಳುತ್ತಾನೆ. ನಗದು ಇಲ್ಲದವರು ಒಂದು ಚೀಲ ಜೋಳ ಬರೆಸುತ್ತಾರೆ, ಟ್ರ್ಯಾಕ್ಟರ್ ಇದ್ದವರು ಎರಡು ಟ್ರಿಪ್ ಗರಸು ಬರೆಸುತ್ತಾರೆ. ಏನೂ ಇಲ್ಲದವರು ಎರಡು ದಿನದ ಆಳು ಬರೆಸುತ್ತಾರೆ. ಎಲ್ಲವೂ ಜಮಾ.

ಪದ್ಧತಿ ಹಳೆಯದು. ಲಕ್ಕುಂಡಿಯ 1007ರ ಶಾಸನದಿಂದ ನಮಗೆ ಅತ್ತಿಮಬ್ಬೆ ಗೊತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಆಕೆ ದಾನಚಿಂತಾಮಣಿ. ನವಲಗುಂದ–ಶಿರಸಂಗಿಯ ದೇಸಾಯಿ ಲಿಂಗರಾಜರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಓದಿಗೆ ಬಿಟ್ಟುಕೊಟ್ಟವರು. ಇಂಥವರ ಹೆಸರು ಉಳಿಯಬೇಕು, ಉಳಿದಿದೆ. ಆದರೆ ಅತ್ತಿಮಬ್ಬೆಯ ಕಾಲದ ಶಾಸನಗಳ ಕೊನೆಕೊನೆಯ ಸಾಲುಗಳಲ್ಲಿ ಇನ್ನೊಂದು ಬಗೆಯ ಜನ ಇದ್ದಾರೆ. ಗುಡಿಯ ದೀಪಕ್ಕೆಂದು ಗಾಣಕ್ಕೆ ಇಷ್ಟು ಎಣ್ಣೆ ಬಿಟ್ಟ ಗಾಣಿಗರು, ಹೇರಿಗೆ ಇಷ್ಟು ಎಲೆ ಬಿಟ್ಟ ಎಲೆ ವ್ಯಾಪಾರಿಗಳು. ಎಷ್ಟೋ ಕಡೆ ಅವರಿಗೆ ಹೆಸರೂ ಇಲ್ಲ, ಕಸುಬಷ್ಟೇ ಇದೆ. ನನ್ನ ಲೆಕ್ಕದಲ್ಲಿ ಪಟ್ಟಿಯ ಮೊದಲ ಪುಟ ಅದೇ.

ದೊಡ್ಡ ದಾನಿಯನ್ನು ಊರು ಸನ್ಮಾನಿಸುತ್ತದೆ, ಲೆಕ್ಕ ಕೇಳುವುದಿಲ್ಲ. ಪಟ್ಟಿ ಕೊಟ್ಟವನು ಲೆಕ್ಕ ಕೇಳುತ್ತಾನೆ. ಐವತ್ತು ರೂಪಾಯಿ ಕೊಟ್ಟವನೂ ಐದು ಸಾವಿರ ಕೊಟ್ಟ ಗೌಡರ ಮುಂದೆ ಎದ್ದು ನಿಂತು ‘ಶಾಮಿಯಾನಕ್ಕ ಇಷ್ಟ್ಯಾಕ ಆತ್ರಿ?’ ಎನ್ನಬಲ್ಲ. ಗುಡಿಯ ಭಾಂಡೆಗಳನ್ನು ನೋಡಿ. ದೊಡ್ಡ ಕೊಪ್ಪರಿಗೆಯ ಕಂಠದ ಮೇಲೆ ಚುಕ್ಕೆಚುಕ್ಕೆಯಾಗಿ ಯಾರದೋ ಹೆಸರು ಕೊರೆದಿರುತ್ತದೆ, ಅಕ್ಷರಗಳು ಸವೆದಿರುತ್ತವೆ. ಕೊಟ್ಟವರ ಮನೆಯ ಮದುವೆಗೂ ಅದೇ ಕೊಪ್ಪರಿಗೆ, ಕೊಡಲಾಗದವರ ಮನೆಯ ಮದುವೆಗೂ ಅದೇ. ಬಡವನ ಮಗಳ ಮದುವೆಯ ಭಾಂಡೆ ಬಾಡಿಗೆ ಉಳಿಸಿದ್ದು ಯಾವ ಯೋಜನೆಯೂ ಅಲ್ಲ, ಹಿಂದೊಮ್ಮೆ ಎತ್ತಿದ ಪಟ್ಟಿ.

ಪಟ್ಟಿಯ ಈ ಬಲವನ್ನು ಸರಕಾರವೂ ಕಂಡುಕೊಂಡಿತು. 2002ರ ಸ್ವಜಲಧಾರಾ ಯೋಜನೆಯಲ್ಲಿ ನೀರಿನ ಕೆಲಸದ ವೆಚ್ಚದ ಶೇ 10ರಷ್ಟನ್ನು ಊರವರೇ ತುಂಬಬೇಕೆಂದಿತ್ತು. 2019ರ ಜಲಜೀವನ್ ಮಿಷನ್ನಿನಲ್ಲೂ ವಂತಿಗೆ ಇದೆ. ತತ್ತ್ವ ಸರಿಯೇ. ಆದರೆ ಕೆಲಸ ಯಾವುದು, ಎಲ್ಲಿ, ಎಷ್ಟರಲ್ಲಿ ಎಂಬುದು ಮೇಲೆ ತೀರ್ಮಾನವಾಗಿ ಬಂದು ಹಣವಷ್ಟೇ ಕೆಳಗೆ ಕೂಡಬೇಕು ಎಂದರೆ ಅದು ಪಟ್ಟಿಯಲ್ಲ, ಇನ್ನೊಂದು ನೀರಪಟ್ಟಿ.

ಪಟ್ಟಿಗೆ ಕತ್ತಲೆಯ ಮಗ್ಗುಲೂ ಇದೆ, ಅದನ್ನು ಮುಚ್ಚಿಡಲಾರೆ. ಕೊಡಲಾರದವನನ್ನು ಊರು ದೂರ ಇಟ್ಟದ್ದುಂಟು. ಅದಕ್ಕಿಂತ ನನ್ನನ್ನು ಹೆಚ್ಚು ನೋಯಿಸುವುದು ಪಟ್ಟಿ ಎತ್ತದೇ ಬಿಟ್ಟ ಕೇರಿ. ‘ಅವರದ ಬ್ಯಾಡ ಬಿಡ್ರಿ, ಬಡವರು’ ಎಂಬ ಮಾತು ಕರುಣೆಯಂತೆ ಕೇಳಿಸುತ್ತದೆ. ಹಣ ಮುಟ್ಟದಿದ್ದರೆ ಲೆಕ್ಕ ಕೇಳುವ ಹಕ್ಕೂ ಮುಟ್ಟುವುದಿಲ್ಲ, ಗುಡಿಯ ಕಟ್ಟೆಯ ಮೇಲೆ ಕೂಡುವ ಹಕ್ಕೂ ಇಲ್ಲ. ಹೆಂಗಸರ ಕಥೆಯೂ ಅಷ್ಟೇ. ಜಾತ್ರೆಗೆ ರಾಶಿ ರೊಟ್ಟಿ ಬಡಿದು ಕಳಿಸುವವರು ಅವರು. ಕೊಪ್ಪಳದ ಗವಿಮಠದ ಜಾತ್ರೆಗೆ ಟ್ರ್ಯಾಕ್ಟರುಗಟ್ಟಲೆ ಹೋಗುವ ರೊಟ್ಟಿಯೂ ಅವರ ಕೈಯದೇ. ವಹಿಯಲ್ಲಿ ಮಾತ್ರ ಗಂಡನ ಹೆಸರು, ಗಂಡ ಇಲ್ಲದಿದ್ದರೆ ಮಗನದು. ಸ್ತ್ರೀಶಕ್ತಿ ಸಂಘದ ಹೆಂಗಸರು ಹತ್ತು ರೂಪಾಯಿಯ ಲೆಕ್ಕವನ್ನೂ ವಾರವಾರ ಬರೆದಿಡುವುದನ್ನು ನೋಡಿದವರು ಊರ ವಹಿಯನ್ನು ಅವರ ಕೈಗೆ ಕೊಡಲು ಯಾಕೆ ಹಿಂದೆಮುಂದೆ ನೋಡುತ್ತಾರೋ!

ಈಗ ಅರ್ಧ ಊರು ಹುಬ್ಬಳ್ಳಿ, ಬೆಂಗಳೂರುಗಳಲ್ಲಿದೆ. ಪಟ್ಟಿಯೂ ಅಲ್ಲಿಗೆ ಹೋಗುತ್ತದೆ, ಫೋನ್‌ಪೇಯಲ್ಲಿ ತಿರುಗಿ ಬರುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಹಿಯ ಪುಟದ ಫೋಟೋ ಬೀಳುತ್ತದೆ. ಹಬ್ಬಕ್ಕೂ ಊರಿಗೆ ಬರದ ಹುಡುಗ ಆ ಫೋಟೋವನ್ನು ಹಿಗ್ಗಿಸಿ ತನ್ನ ಹೆಸರು ಹುಡುಕುತ್ತಾನೆ, ಆಮೇಲೆ ಕೇಳುತ್ತಾನೆ: ‘ಹೋದ ವರ್ಷದ ಶಿಲ್ಕು ಎಲ್ಲೈತಿ, ತೋರಸ್ರಿ.’